ಡಾಕ್ಟರ ಬಳಿಗೆ ಎಂಟು ಜನ

ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುವ ಹೆಂಗಸರಿಗೆ ಜೇಜು ದ್ವೀಪದಲ್ಲಿ ಒಂದು ಕಟ್ಟುನಿಟ್ಟಿದೆ: ಯಾರೂ ಒಬ್ಬಳೇ ನೀರಿಗಿಳಿಯುವಂತಿಲ್ಲ. ಮಲ್ಸುನ್ ಡಾಕ್ಟರ ಬಳಿ ಹೊರಟ ದಿನ ಈ ಕಟ್ಟುನಿಟ್ಟು ಪಟ್ಟಣದ ಬಸ್ಸನ್ನೂ ಹತ್ತಿತು. ಅವಳ ಹಿಂದೆ ಏಳು ಜನ ಹೆಂಗಸರು. ಎಲ್ಲರ ಕೈಯಲ್ಲೂ ಕಿತ್ತಳೆಯ ಚೀಲ, ಎಲ್ಲರ ಬಾಯಲ್ಲೂ ಸಲಹೆ.

ಮಲ್ಸುನ್‌ಗೆ ಐವತ್ತೆಂಟು. ಹದಿನೇಳರಿಂದಲೂ ಕಡಲೇ ಅವಳ ಹೊಲ, ಕಡಲೇ ತವರು. ಹೋದ ಅಕ್ಟೋಬರಿನಲ್ಲಿ ಯಾರೋ ಪುಣ್ಯಾತ್ಮರು ಬಿಸಾಡಿದ್ದ ಬಲೆಗೆ ನೀರಿನಡಿ ಅವಳ ಕಾಲು ಸಿಕ್ಕಿಕೊಂಡಿತು. ಗುಂಪಿನ ಹಿರಿಯಳು, ಎಪ್ಪತ್ತೊಂದರ ಚುನ್‌ಬೊಕ್, ಕೆಳಗಿಳಿದು ಬಲೆ ಕೊಯ್ದು ಅವಳನ್ನು ಮೇಲೆ ತಂದಳು. ಊರೆಲ್ಲ ಹಿಗ್ಗಿ ಹಂದಿಮಾಂಸದ ಸಾರು ಕುಡಿಯಿತು. ಮಲ್ಸುನ್‌ಗೆ ಮಾತ್ರ ಅಂದಿನಿಂದ ಮುಖ ತೊಳೆಯುವ ಬೋಗುಣಿ ಕಂಡರೂ ಎದೆ ಹೊಡೆದುಕೊಳ್ಳುತ್ತಿತ್ತು. ನಿದ್ದೆಯಲ್ಲಿ ಕಾಲು ಝಾಡಿಸಿ ಗಂಡನ ಮೊಣಕಾಲು ಊದಿಸಿದ್ದಳು. ಗೆಳತಿಯರಿಗೆ "ಭುಜ ನೋವು" ಎಂದು ಹೇಳಿ, ಅವರು ಮೈ ಕಾಯಿಸಿಕೊಳ್ಳುವ ದಡದ ಬೆಂಕಿಗೆ ಸೌದೆ ಒಟ್ಟುತ್ತ ಕೂತಳು. ಮತ್ತೆ ಕಡಲಿಗಿಳಿಯುತ್ತೇನೋ ಇಲ್ಲವೋ ಎಂಬ ಚಿಂತೆ ಅವಳನ್ನು ತಿನ್ನುತ್ತಿತ್ತು.

ಬೆಚ್ಚಿಬಿದ್ದವರ ಜೀವ ಮೈಬಿಟ್ಟು ಹೋಗುತ್ತದೆ, ಅದನ್ನು ಕರೆದು ಕೂರಿಸಬೇಕು ಎನ್ನುವುದು ಅಲ್ಲಿಯ ನಂಬಿಕೆ. ಗಂಡ ಗುಟ್ಟಾಗಿ ಕರೆತಂದ ಊರಿನ ಪೂಜಾರಿ ಅಜ್ಜಿ ಅಕ್ಕಿಯ ಬಟ್ಟಲಿಟ್ಟು, ಮಲ್ಸುನ್‌ಳ ರವಿಕೆ ಬೀಸಿ ಮೂರು ಸಲ ಕರೆದಳು. ಆಮೇಲೆ ಕನ್ನಡಕ ಒರೆಸಿಕೊಂಡಳು.

"ಕರೆದಿದ್ದೀನಿ ಕಣೇ, ಬಂದಿದೆ. ಆದ್ರೆ ಹೊಸ್ತಿಲಲ್ಲೇ ನಿಂತ್ಬಿಟ್ಟಿದೆ. ಒಳಗೆ ಕರ್ಕೊಳ್ಳೋಕೆ ಪಟ್ಟಣದಲ್ಲೊಬ್ಬ ಡಾಕ್ಟರಮ್ಮ ಇದ್ದಾಳೆ. ನನ್ನ ಮೊಮ್ಮಗಳೂ ಹೋಗಿದ್ಲು. ನಾಚ್ಕೊಂಡು ಕೂತ್ಕೋಬೇಡ, ಹೋಗು."

ಮನಸ್ಸಿನ ಡಾಕ್ಟರು ಪ್ಯೋ ಇನ್ನೂ ಮೂವತ್ತೈದರ ಹೆಣ್ಣುಮಗಳು. ಅವಳ ಕೋಣೆಯಲ್ಲಿದ್ದದ್ದು ಎರಡೇ ಕುರ್ಚಿ. ಎಂಟು ಜನ ನುಗ್ಗಿದ್ದು ನೋಡಿ ಗಾಬರಿಯಾದಳು.

"ಒಬ್ಬರೇ ಬರಬೇಕಿತ್ತಲ್ಲಮ್ಮ?"

"ಎಲ್ಲಾದ್ರೂ ಉಂಟಾ!" ಎಂದಳು ಚುನ್‌ಬೊಕ್. "ಒಬ್ಬಳನ್ನೇ ಇಳಿಸೋ ಅಭ್ಯಾಸ ನಮ್ಮಲ್ಲಿಲ್ಲ. ನೀವು ಕೇಳಿ, ನಾವು ಹೇಳ್ತೀವಿ. ಇವಳಿಗೆ ಭುಜ ನೋವು."

"ಊಟಾನೂ ಸರಿಯಾಗಿ ಮಾಡಲ್ಲ," ಎಂದಳು ಇನ್ನೊಬ್ಬಳು.

"ಗಂಡನೂ ಅಷ್ಟಕ್ಕಷ್ಟೇ," ಎಂದಳು ಮತ್ತೊಬ್ಬಳು.

ಮಲ್ಸುನ್ ತಲೆ ಎತ್ತಲಿಲ್ಲ. "ಸಾಮ್ಚುನ್, ಹೊರಗೆ ಹೋಗಿ. ಎಲ್ಲರೂ."

ಸಾಮ್ಚುನ್ ಎಂದರೆ ದ್ವೀಪದಲ್ಲಿ ಹಿರಿಯರನ್ನು ಕರೆಯುವ ಮಾತು. ಆದರೆ ಚುನ್‌ಬೊಕ್ ಸಾಮ್ಚುನ್‌ಗೆ ಹೊರಗೆ ಹೋಗಿ ಎಂದವರು ಅದುವರೆಗೆ ಹುಟ್ಟಿರಲಿಲ್ಲ. ಅವಳು ಮುಖ ದಪ್ಪ ಮಾಡಿಕೊಂಡು ಹೋದಳು.

ಬಾಗಿಲು ಮುಚ್ಚಿದ ಮೇಲೆ ಮಲ್ಸುನ್ ಬಾಯಿಬಿಟ್ಟಳು. "ಭುಜ ನೋವೂ ಇಲ್ಲ, ಏನೂ ಇಲ್ಲ. ನೀರಿನಡಿ ಬಲೇಲಿ ಕಾಲು ಸಿಕ್ಕಿತ್ತು, ಬಿಡಿಸೋಕೆ ಬಂದವರ ಕುತ್ತಿಗೆ ಹಿಡ್ಕೊಂಡೆ, ಡಾಕ್ಟರೇ. ಅವರನ್ನ ಕೆಳಗೆ ತುಳಿದು ನಾನು ಮೇಲೆ ಬರೋಕೆ ನೋಡಿದೆ. ನೀರು ಕಂಡ್ರೆ ಸಾಕು, ಅವರ ಕಣ್ಣೇ ಕಾಣುತ್ತೆ."

"ಅದು ನಿಮ್ಮ ಕೆಟ್ಟತನ ಅಲ್ಲ, ಉಸಿರು ಕಟ್ಟಿದ ಮೈ ಮಾಡಿದ್ದು," ಎಂದಳು ಪ್ಯೋ. "ಯಾರ ಮೈಯಾದ್ರೂ ಹಾಗೇ ಮಾಡುತ್ತೆ. ಬಲೆ ಬಿಟ್ಟುಹೋಗಿದೆ ಅನ್ನೋದು ಆ ಮೈಗೆ ಇನ್ನೂ ತಿಳಿದಿಲ್ಲ. ನಿಧಾನಕ್ಕೆ ತಿಳಿಸೋಣ. ದಿನ ಹಿಡಿಯುತ್ತೆ, ಆದ್ರೆ ಆಗುತ್ತೆ."

ಮಲ್ಸುನ್ ಗೋಳೋ ಎಂದು ಅತ್ತಳು. ಹೊರಗೆ ಏಳು ಜನರೂ ಕಿತ್ತಳೆ ಸುಲಿಯುವುದನ್ನು ನಿಲ್ಲಿಸಿದರು. ಅತ್ತು ಮುಗಿದಾಗ ಅವಳಿಗೆ ಎಷ್ಟೋ ತಿಂಗಳ ಮೇಲೆ ನಿಜವಾಗಿ ಹಸಿವಾಯಿತು.

ಆಮೇಲೆ ಪ್ರತಿ ಮಂಗಳವಾರ ಪಟ್ಟಣ. ನಡೆದದ್ದನ್ನು ಸ್ವಲ್ಪ ಸ್ವಲ್ಪವೇ ಹೇಳಬೇಕು. ಎದೆ ಹೊಡೆದುಕೊಂಡಾಗ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಂಡ ಐದು ವಸ್ತುಗಳ ಹೆಸರು ಹೇಳಬೇಕು. ಮನೆಯಲ್ಲಿ ಬೋಗುಣಿಗೆ ಮೊದಲು ಬೆರಳು, ಆಮೇಲೆ ಮೊಣಕೈ, ಆಮೇಲೆ ಗಲ್ಲ. ಗಂಡ ಟವೆಲು ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದ. ಅವಳು ಹೇಳುವ ಐದು ವಸ್ತುಗಳಲ್ಲಿ ಯಾವಾಗಲೂ ಅವನ ಬೊಕ್ಕತಲೆಯೂ ಒಂದು. ಒಂದು ವಾರ ಹಡಗಿನ ಕೂಗು ಕೇಳಿ ಮತ್ತೆ ಮೊದಲಿನಂತೆ ನಡುಗಿದಳು. ಹಾಗೂ ಆಗುತ್ತದೆ ಎಂದು ಪ್ಯೋ ಧೈರ್ಯ ಹೇಳಿದಳು. ಏಳು ಜನರೂ ಬಸ್ಸಿನಲ್ಲಿ ಜೊತೆಗಿರುತ್ತಿದ್ದರು, ಆದರೆ ಎದುರಿನ ನೂಡಲ್ಸ್ ಅಂಗಡಿಯಲ್ಲೇ ಉಳಿಯುತ್ತಿದ್ದರು. ಆ ಅಂಗಡಿಯವನ ಅದೃಷ್ಟ ಖುಲಾಯಿಸಿತು.

ಮೇ ತಿಂಗಳ ಒಂದು ಬೆಳಗ್ಗೆ ಮಲ್ಸುನ್ ರಬ್ಬರ್ ಅಂಗಿ ತೊಟ್ಟಳು. ಸೊಂಟದವರೆಗೆ ನೀರು, ಎದೆಯವರೆಗೆ ನೀರು, ಆಮೇಲೆ ಮುಳುಗಿದಳು. ಮೇಲೆದ್ದು, ಹಿಡಿದಿದ್ದ ಉಸಿರನ್ನು ಈ ಹೆಂಗಸರು ಬಿಡುವ ಹಾಗೆ ಉದ್ದಕ್ಕೆ ಸಿಳ್ಳೆ ಮಾಡಿ ಬಿಟ್ಟಳು. ಸುತ್ತಲಿಂದ ಏಳು ಸಿಳ್ಳೆ ಒಟ್ಟಿಗೇ ಉತ್ತರ ಕೊಟ್ಟವು. ಕೈಗೆ ಸಿಕ್ಕಿದ್ದು ಒಂದೇ ಚಿಪ್ಪು, ಅದೂ ಅಳತೆಗಿಂತ ಚಿಕ್ಕದು, ನೀರಿಗೇ ಬಿಡಬೇಕಾಯಿತು. ಆದರೂ ಅವಳ ಖುಷಿಗೆ ಪಾರವಿರಲಿಲ್ಲ.

ದಡದ ಬೆಂಕಿಯ ಬಳಿ ಅವಳು ಚುನ್‌ಬೊಕ್‌ಳ ಕಣ್ಣು ನೋಡಿ, ಕುತ್ತಿಗೆ ಹಿಡಿದ ಕತೆಯನ್ನು ಎಲ್ಲರೆದುರು ಹೇಳಿಬಿಟ್ಟಳು.

"ಗೊತ್ತು ಕಣೇ," ಎಂದಳು ಚುನ್‌ಬೊಕ್. "ನನ್ನ ಕುತ್ತಿಗೆ ನನಗೆ ಗೊತ್ತಿರಲ್ವಾ? ಅವತ್ತು ನಿನ್ನ ಮೂಗು ಊದಿತ್ತಲ್ಲ, ಬಂಡೆ ತಗುಲಿದ್ದು ಅಂದ್ಕೊಂಡ್ಯಾ? ನಾನೇ ಗುದ್ದಿದ್ದು!"

ಎಲ್ಲರೂ ಬಿದ್ದುಬಿದ್ದು ನಕ್ಕರು. ಚುನ್‌ಬೊಕ್ ಮಾತ್ರ ನಗಲಿಲ್ಲ. ಬೆಂಕಿ ಕೆದಕುತ್ತ ದನಿ ತಗ್ಗಿಸಿದಳು.

"ಗುದ್ದಿ ಬಿಡಿಸ್ಕೊಂಡು, ನಿನ್ನನ್ನ ಅಲ್ಲೇ ಬಿಟ್ಟು ಮೇಲೆ ಬಂದೆ. ಒಂದು ಉಸಿರು ತಗೊಂಡೆ. ಮತ್ತೆ ಇಳೀಬೇಕಾ ಬೇಡ್ವಾ ಅಂತ ಯೋಚಿಸ್ದೆ, ಮಲ್ಸುನ್. ನಿಜವಾಗ್ಲೂ ಯೋಚಿಸ್ದೆ. ಅವತ್ತಿಂದ ನನಗೂ ನಿದ್ದೆ ಇಲ್ಲ."

"ಇಳಿದ್ರಲ್ಲ, ಸಾಮ್ಚುನ್," ಎಂದು ಮಲ್ಸುನ್ ಅವಳ ಕೈ ಹಿಡಿದುಕೊಂಡಳು.

ಚುನ್‌ಬೊಕ್ ಮೂಗೊರೆಸಿಕೊಂಡು ಗದರುವ ದನಿಯಲ್ಲೇ ಕೇಳಿದಳು: "ಆ ಹುಡುಗಿ ಡಾಕ್ಟರು, ಮಂಗಳವಾರ ಬಿಟ್ಟು ಬೇರೆ ದಿನಾನೂ ಸಿಗ್ತಾಳಾ?"

ಮಲ್ಸುನ್ ಒದ್ದೆ ಕೈಯಲ್ಲೇ ಫೋನು ತೆಗೆದಳು.