ಮುಂದಿನ ವರ್ಷದ ಗೋಲಿ ಯಾರು?

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡದಲ್ಲಿ ನಾನು ಹನ್ನೆರಡನೆಯವನು. ಹನ್ನೆರಡನೆಯವನಿಗೆ ಎರಡೇ ಕೆಲಸ: ಆಟದ ನಡುವೆ ನೀರು ಕೊಡುವುದು, ಸೋತು ಬರುವಾಗ ಬಸ್ಸಿನಲ್ಲಿ ಎಲ್ಲರನ್ನೂ ನಗಿಸುವುದು. ಎರಡನೆಯದಕ್ಕೆ ಬಿಡುವೇ ಇರಲಿಲ್ಲ, ನಾವು ಅಷ್ಟು ಸೋಲುತ್ತಿದ್ದೆವು. ಆಟ ಕಲಿಸುವ ಪಿ.ಡಿ. ಸರ್ ಸಿಳ್ಳೆ ಊದುವ ಮುಂಚೆ ಮೂಗು ಏರಿಸುವುದು, ಕಾಗವಾಡದ ಫಾರ್ವರ್ಡ್ ಗೋಲು ತಪ್ಪಿಸಿಕೊಂಡು ತನ್ನ ಬೂಟನ್ನು ಬೈಯುವುದು, ಪ್ರಿನ್ಸಿಪಾಲರು ಭಾಷಣದಲ್ಲಿ ಕೆಮ್ಮಿಗೊಮ್ಮೆ ಚಪ್ಪಾಳೆಗಾಗಿ ಕಾಯುವುದು, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ನಾನು ಓಡುವುದನ್ನೂ ನಾನೇ ಮಾಡುತ್ತಿದ್ದೆ, ಕಬ್ಬೂರ ಬಸ್ಸು ತಪ್ಪಿಸಿಕೊಂಡ ಮುದುಕಿಯ ಹಾಗೆ. ಕಬ್ಬೂರ ನನ್ನ ಊರು, ದಿನಾ ಅಲ್ಲಿಂದ ಚಿಕ್ಕೋಡಿಯ ಕಾಲೇಜಿಗೆ ಬರುತ್ತಿದ್ದೆ, ಆದ್ದರಿಂದ ಆ ಮುದುಕಿಯನ್ನು ಬಲ್ಲೆ.

ತಂಡದಲ್ಲಿ ಆಟ ಬರುತ್ತಿದ್ದವನು ಎಂದರೆ ಗೋಲ್‌ಕೀಪರ್ ಒಬ್ಬ. ಅವನನ್ನು ಎಲ್ಲರೂ ಗೋಲಿ ಎನ್ನುತ್ತಿದ್ದರು. ಅಥಣಿ ತಾಲೂಕಿನ ತೆಲಸಂಗದವನು, ಕಾಲೇಜಿನ ಬೋರ್ಡಿಂಗಿನಲ್ಲಿದ್ದ. ಬಗ್ಗದೆಯೇ ಮೊಣಕಾಲು ಕೆರೆದುಕೊಳ್ಳುತ್ತಾನೆ ಎಂದು ಅವನ ಕೈಗಳ ಉದ್ದದ ಬಗ್ಗೆ ಊರೆಲ್ಲ ಹಬ್ಬಿಸಿದವನು ನಾನೇ. ಪುಸ್ತಕದ ಜೊತೆ ಅವನಿಗೆ ಜಗಳವಿರಲಿಲ್ಲ, ಪರಿಚಯವೇ ಇರಲಿಲ್ಲ. ಆದರೆ ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸಲು ಬಂದಿದ್ದ ದಪ್ಪ ಮೀಸೆಯ ಸಾಹೇಬರು ಆ ವರ್ಷ ಅವನ ಬೆನ್ನು ತಟ್ಟಿ, "ಈ ಸಲ ಒಬ್ಬ ಹಳಬ ಅದಾನಪಾ. ಮುಂದಿನ ವರ್ಷ ನೀನಽ," ಎಂದಿದ್ದರು. ಆ ತಂಡದಲ್ಲಿ ಆಡಿದವನಿಗೆ ಪೊಲೀಸ್ ಭರತಿಯಲ್ಲಿ ಆಟಗಾರರ ಪಾಲಿನಿಂದ ಒಂದು ದಾರಿ ಇತ್ತು. ಗೋಲಿಗೆ ಬೇರೆ ದಾರಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಬೋರ್ಡಿಂಗಿನ ಕನ್ನಡಿಯ ಮುಂದೆ ನಿಂತು ಸೆಲ್ಯೂಟ್ ಹೊಡೆಯುವುದನ್ನು ನಾನು ಕದ್ದು ನೋಡಿದ್ದೆ. ಅದನ್ನೂ ಮಾಡಿ ತೋರಿಸಿದ್ದೆ. ಅವನು ನಕ್ಕು, "ನಾ ಫೌಜದಾರ ಆದಮ್ಯಾಲ ಮೊದಲ ನಿನ್ನಽ ಒಳಗ ಹಾಕ್ತೀನಿ ಮಗನ," ಎಂದಿದ್ದ.

ಆ ವರ್ಷದ ಕೊನೆಯ ಪಂದ್ಯ ರಾಯಬಾಗದಲ್ಲಿತ್ತು. ನಮ್ಮ ಎಡಬದಿಯ ಬ್ಯಾಕ್ ಅಕ್ಕನ ನಿಶ್ಚಯಕ್ಕೆಂದು ಹೋದವನು ಬರಲೇ ಇಲ್ಲ. ಪಿ.ಡಿ. ಸರ್ ಸುತ್ತ ನೋಡಿದರು. ನನ್ನನ್ನೂ ನೋಡಿದರು. ಮುಖ ತಿರುಗಿಸಿ, ನಿಪ್ಪಾಣಿಯ ಹುಡುಗನನ್ನು ಹಿಂದಕ್ಕೆ ಕರೆದರು. ಅವನು ಎಂದೂ ಮೈದಾನದ ನಡುವೆ ಆಡುವವನು, ಗೋಲಿಯ ಮಾತು ಕಿವಿಗೆ ಬೀಳದಷ್ಟು ದೂರದಲ್ಲಿ. ಅವನ ಅಪ್ಪ ತಂಬಾಕಿನ ವಖಾರಿಯಲ್ಲಿ ಆಳುಗಳ ಮೇಲಿನ ಮುಕಾದಮ, ಮನೆಯಲ್ಲಿ ಮರಾಠಿ. ಚಿಕ್ಕಂದಿನಿಂದ ಕುಸ್ತಿಯ ತಾಲೀಮಿನಲ್ಲಿ ಬೆಳೆದ ಮೈ. ಕನ್ನಡವನ್ನು ಹಳ್ಳದಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಡುವವರ ಹಾಗೆ ಮಾತಾಡುತ್ತಿದ್ದ. ಅದಂತೂ ನನಗೆ ಹಬ್ಬ.

ಆಟ ಅರ್ಧ ಮುಗಿಯುವ ಹೊತ್ತಿಗೆ ಒಂದು ಚೆಂಡು ಎತ್ತರಕ್ಕೆ ಎದ್ದು ನಮ್ಮ ಗೋಲಿನ ಮುಂದೆ ಇಳಿಯತೊಡಗಿತು. ಗೋಲಿ ಎರಡೂ ಕೈ ಚಾಚಿ ಮುಂದೆ ಓಡಿ ಬಂದು "ಬಿಡ!" ಎಂದು ಕೂಗಿದ. ರಸ್ತೆಯಾಚೆ ಶೇಂಗಾ ಮಾರುತ್ತ ಕೂತವಳಿಗೂ ಕೇಳಿಸುವ ಹಾಗೆ ಕೂಗಿದ. ನಿಪ್ಪಾಣಿಯವನು ಬಿಡಲಿಲ್ಲ. ತಲೆ ತಗ್ಗಿಸಿ, ಹಗ್ಗ ಹರಿದ ಹೋರಿಯ ಹಾಗೆ ಚೆಂಡಿನ ಮೇಲೆ ಹೋದ. ಇಬ್ಬರೂ ಒಂದೇ ಕಡೆ ಬಿದ್ದರು. ಗೋಲಿಯ ಬಲಗೈ ಇಬ್ಬರ ಕೆಳಗೆ ಸಿಕ್ಕಿತ್ತು. ಕಬ್ಬು ಮುರಿದ ಸದ್ದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ಮೈದಾನದಲ್ಲಿ ಕೇಳಿದ್ದರಿಂದ ಯಾರಿಗೂ ಕೂಡಲೇ ಗುರುತು ಸಿಗಲಿಲ್ಲ.

ಗೋಲಿಯನ್ನು ಹೊತ್ತು ಒಯ್ದ ಮೇಲೆ ಅವನ ಅಂಗಿ ತೊಟ್ಟು ಗೋಲಿನಲ್ಲಿ ನಿಂತವನು ನಾನು. ಮೊದಲ ಚೆಂಡು ನನ್ನ ಕಾಲುಗಳ ನಡುವೆ ಹೋಯಿತು. ನೋಡುತ್ತಿದ್ದವರಲ್ಲಿ ಒಬ್ಬ, "ಬಾಗಲಾ ಹಾಕ್ಲೇ, ನಾಯಿ ಹೊಕ್ಕಾವು!" ಎಂದ. ಒಳ್ಳೆಯ ಮಾತು. ಬೇರೆ ದಿನವಾಗಿದ್ದರೆ ನಾನೇ ಆಡುತ್ತಿದ್ದೆ.

ಮರಳುವ ಬಸ್ಸಿನಲ್ಲಿ ನನಗೆ ಯಾರೂ ಏನನ್ನೂ ಮಾಡಿ ತೋರಿಸು ಎನ್ನಲಿಲ್ಲ. ಕಾಗವಾಡದ ಫಾರ್ವರ್ಡ್ ಮಾತ್ರ ನಿಪ್ಪಾಣಿಯವನ ಕಡೆ ತಿರುಗಿ, "ಬಿಡ ಅಂದದ್ದ ಕೇಳಲಿಲ್ಲೇನಲೇ, ಕಿವುಡ?" ಎಂದು ಕೇಳಿದ. ಅವನು ಕಿಟಕಿಯ ಸರಳು ಹಿಡಿದು ಕೂತವನು ಚಿಕ್ಕೋಡಿ ಬರುವವರೆಗೂ ಬಿಡಲಿಲ್ಲ.

ಅದಾದ ಮೇಲೆ ಒಂದು ಸಂಜೆ ಪಿ.ಡಿ. ಸರ್ ನಮ್ಮನ್ನೆಲ್ಲ ಬೇವಿನ ಗಿಡದ ಕೆಳಗೆ ಕೂಡಿಸಿದರು. ಮುಂದಿನ ವರ್ಷದ ತಂಡ ಹೇಗಿರುತ್ತದೆ ನೋಡೋಣ ಎಂದು ಒಬ್ಬೊಬ್ಬರ ಒಂದೊಂದು ಚಪ್ಪಲಿ ಬಿಡಿಸಿ, ನಾವು ಮೈದಾನದಲ್ಲಿ ನಿಲ್ಲುವ ಹಾಗೆಯೇ ಮಣ್ಣಿನ ಮೇಲೆ ಸಾಲಾಗಿ ಇಟ್ಟರು. ಅಥಣಿಯ ಕರಕರ ಎನ್ನುವ ಚಪ್ಪಲಿಗಳೇ ಹೆಚ್ಚು, ಎರಡು ಹವಾಯಿ. ಮುಂದಿನ ವರ್ಷ ಯಾರು ಇರುವುದಿಲ್ಲವೋ ಅವರು ತಮ್ಮದನ್ನು ಎತ್ತಿಕೊಳ್ಳಬೇಕು.

ಕಾಗವಾಡದವನು ಮೊದಲು ಎದ್ದ. "ನಾ ಸಾಂಗ್ಲಿಗೆ ಹೊಂಟೀನ್ರಿ ಸರ್. ಮಾವನ ಊರು. ಅಲ್ಲೇ ಕಾಲೇಜು, ಅಲ್ಲೇ ಆಟ."

"ಮಾವಗ ಮಗಳದಾಳೇನು?" ಎಂದು ನಾನು ಕೇಳಿದೆ. ಯಾರೂ ನಗಲಿಲ್ಲ. ಅವನು ಚಪ್ಪಲಿ ಮೆಟ್ಟಿಕೊಂಡ.

ಡಿಗ್ರಿ ಮುಗಿಯುತ್ತಿದ್ದವರು ಒಬ್ಬೊಬ್ಬರಾಗಿ ಎತ್ತಿಕೊಂಡರು. ಒಬ್ಬನಿಗೆ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದಲ್ಲಿ ಕೆಲಸ ಹೇಳಿಟ್ಟಿದ್ದರಂತೆ, ಒಬ್ಬನಿಗೆ ದ್ರಾಕ್ಷಿ ತೋಟ ನೋಡಿಕೊಳ್ಳುವುದಿತ್ತು. ಕುಡಚಿಯ ಹುಡುಗ, "ನಮ್ಮ ಅಬ್ಬಾ ಈ ಸಲ ಅಂಗಡಿ ನನ್ನ ಕಡೆ ಬಿಡ್ತಾರ್ರಿ ಸರ್," ಎಂದು ತನ್ನದನ್ನು ಎತ್ತಿ, ಪಕ್ಕದವನದನ್ನು ಸರಿಯಾಗಿ ಇಟ್ಟು ಹೋದ. ಮುಂದಿನ ಸಾಲು ಪೂರಾ ಖಾಲಿ. ನಡುವೆ, ಖಾಲಿಯಾದ ಜಾಗಕ್ಕೆ ಸರ್ ಸರಿಸಿದ ನನ್ನ ಹವಾಯಿ ಚಪ್ಪಲಿ, ಪಟ್ಟಿಗೆ ಪಿನ್ನು ಹಾಕಿದ್ದು, ಒಂದೇ ಮಿಂಚುತ್ತಿತ್ತು. ತಂಡದ ಭವಿಷ್ಯ ಅದರ ಮೇಲೆ ನಿಂತಿದೆ ಎಂಬುದನ್ನು ನೋಡಿ ನನಗೇ ಹೆದರಿಕೆಯಾಯಿತು.

ಗೋಲಿನ ಜಾಗ ಖಾಲಿ ಇತ್ತು, ಗೋಲಿ ಊರಲ್ಲಿದ್ದ. ಸರ್ ತಮ್ಮ ಚಪ್ಪಲಿಯನ್ನೇ ಬಿಟ್ಟು ಅಲ್ಲಿಟ್ಟು, "ಅವ ಬರ್ತಾನ," ಎಂದರು. ಆಗ ನಿಪ್ಪಾಣಿಯವನು ಬಗ್ಗಿ ತನ್ನ ಚಪ್ಪಲಿ ಎತ್ತಿಕೊಂಡ.

"ನಿಂದ್ಯಾಕ ತಗದಿ? ನಿಂದಿನ್ನೂ ಮುಗದಿಲ್ಲಲಾ."

"ನಾ ಆಡೂದಿಲ್ಲರಿ ಸರ್," ಎಂದು ಅವನು ಬರಿಗಾಲಲ್ಲೇ ನಡೆದುಬಿಟ್ಟ, ಒಂದು ಚಪ್ಪಲಿ ಕೈಯಲ್ಲಿ, ಇನ್ನೊಂದು ಕೂತಾಗ ಬಿಟ್ಟದ್ದು ಅಲ್ಲೇ ಗಿಡದ ಕೆಳಗೆ.

ಅದನ್ನು ಕೊಡಲು ಹಿಂದೆ ಹೋದ ನನ್ನನ್ನು ಅವನು ಬಸ್ ಸ್ಟ್ಯಾಂಡಿನವರೆಗೂ ಕರೆದೊಯ್ದ. ತೆಲಸಂಗಕ್ಕೆ ಹೋಗೋಣ ಎಂದ. "ನನಗ ಅಲ್ಲಿ ಮಾತು ಬರೂದಿಲ್ಲ. ನೀ ನನ್ನ ನಕಲ ಮಾಡ್ತಿ ಅಲ್ಲಾ, ನನ್ನ ದನಿಯಾಗ ನೀನಽ ಹೇಳು. ಚುಕಲಂ ಅಂತ. ತಪ್ಪಾತು ಅಂತ."

ಹೀಗೆ ಮುಂದಿನ ರವಿವಾರ ಅಥಣಿಯಲ್ಲಿ ಬಸ್ಸು ಬದಲಿಸಿ ಇಬ್ಬರೂ ತೆಲಸಂಗಕ್ಕೆ ಹೋದೆವು. ದಾರಿಯುದ್ದಕ್ಕೂ ನಾನು ಅವನ ದನಿಯನ್ನು ಅವನ ಮುಂದೆಯೇ ತಾಲೀಮು ಮಾಡಿದೆ. ಅವನು ತಿದ್ದಿದ.

ಗೋಲಿ ಪಡಸಾಲೆಯಲ್ಲಿ ಕೂತಿದ್ದ. ಊರಿನಲ್ಲಿ ಎಲುಬು ಕಟ್ಟುವವರು ಬಿದಿರಿನ ಸೀಳುಗಳನ್ನಿಟ್ಟು ಕೈ ಬಿಗಿದಿದ್ದರು. ಕೈಗೆ ಹಚ್ಚಿದ ಮೊಟ್ಟೆ, ಸೊಪ್ಪಿನ ವಾಸನೆ. ಅವನ ಅವ್ವ ನಮ್ಮನ್ನು ಕಂಡೊಡನೆ, "ಬರ್ರೆಪಾ, ಕಾಲ್ ತೊಳಕೋರಿ, ಉಣ್ಣಬರ್ರಿ," ಎಂದು ರೊಟ್ಟಿ ಬಡಿಸಿ ಎದುರಿಗೇ ಕೂತಳು. ನಾವು ಮೊದಲ ತುತ್ತು ಮುರಿದಿದ್ದೇ ತಡ, ಕೇಳಿದಳು:

"ಅಲ್ಲೋ ತಮ್ಮಾ, ಬ್ಯಾರೆ ಕಾಲೇಜಿನವ ಹಾಯ್ದಿದ್ರ ಮಾತು ಬ್ಯಾರೆ. ನಿಮ್ಮಂದಿಯವನಽ ಹೆಂಗ ಹಾಯ್ದ? ಅವಗ ಕಣ್ಣಿಲ್ಲೇನು?"

ನಿಪ್ಪಾಣಿಯವನು ನನ್ನನ್ನು ನೋಡಿದ. ನಾನು ಗಂಟಲು ಸರಿಮಾಡಿಕೊಂಡು, ಅವನದೇ ದನಿ, ಅವನದೇ ಮುರುಕು ಕನ್ನಡದಲ್ಲಿ, "ಮಾವಶೀ, ನಂದು ತಪ್ಪು ಆತು. ನಾ ಅವನ ಮ್ಯಾಲ ಬಿದ್ದೆ," ಎಂದೆ. ಎಷ್ಟು ಚೆನ್ನಾಗಿ ಬಂತೆಂದರೆ, ಅವ್ವ ನೆಟ್ಟಗೆ ನನ್ನ ಕಡೆ ತಿರುಗಿದಳು.

"ನೀ ಏನು? ನಿನ್ನ ಮಾರಿಗಿಷ್ಟು! ನನ್ನ ಮಗನ ಕೈ ಮುರದು, ನನ್ನ ಮನ್ಯಾಗ ರೊಟ್ಟಿ ತಿನ್ನಾಕ ಬಂದಿಯೇನು?"

ಮುಂದೆ ಅವಳು ಬೈದದ್ದು ಬಹಳ. ಎಲ್ಲ ನನ್ನ ತಾಟಿನ ಮೇಲೆ ಬಿತ್ತು. ಗೋಲಿ ಬಾಯಿ ತೆರೆದು ನೋಡುತ್ತಿದ್ದ. ಕೊನೆಗೆ ನಿಪ್ಪಾಣಿಯವನು ರೊಟ್ಟಿ ಕೆಳಗಿಟ್ಟು, "ತೋ ನಾಹೀ ಮಾವಶಿ. ಅವ ಅಲ್ಲರಿ. ನಾನು," ಎಂದ.

ಗೋಲಿಯೇ ಕೇಳಿದ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂದು. "ನಾ ಬಿಡ ಅಂದ್ನೆಲ್ಲೋ. ಕೇಳಿಸಲಿಲ್ಲೇನು?"

"ಕೇಳಿಸ್ತು. ಭಿಡ ಅಂದಿ. ಅದಕ್ಕಽ ಹ್ವಾದೆ."

ಮರಾಠಿಯಲ್ಲಿ ಭಿಡ ಎಂದರೆ ಮೇಲೆ ಬೀಳು, ಸೆಣಸು. ತಾಲೀಮಿನಲ್ಲಿ ಅವನಿಗೆ ಕುಸ್ತಿ ಕಲಿಸುವ ವಸ್ತಾದರು ಮಣ್ಣಿನ ಮಟ್ಟಿಯ ಅಂಚಿಗೆ ನಿಂತು ದಿನಾ ಅವನಿಗೆ ಕೂಗಿ ಹೇಳುತ್ತಿದ್ದದ್ದು ಅದೊಂದೇ ಮಾತು. ಓಡುವಾಗ, ಗಾಳಿಯಲ್ಲಿ, ಬಿಡ ಯಾವುದು ಭಿಡ ಯಾವುದು? ಅವನ ಕಾಲುಗಳು ಅವನನ್ನು ಕೇಳದೆಯೇ ಹೋಗಿದ್ದವು.

ಗೋಲಿ ನಕ್ಕ. ನಕ್ಕಿದ್ದು ಕೈಗೆ ಹತ್ತಿ, ಹಲ್ಲು ಕಚ್ಚಿ ಸುಮ್ಮನಾದ. ಅವ್ವನಿಗೆ ನಾನು ನನ್ನದೇ ದನಿಯಲ್ಲಿ ಬಿಡಿಸಿ ಹೇಳಿದೆ. ಅವಳು ಇನ್ನೊಂದು ರೊಟ್ಟಿ ನಿಪ್ಪಾಣಿಯವನ ತಾಟಿಗೆ ಹಾಕಿ, "ಹಂಗಾರ ಈಗ ನಾ ಯಾರ ಮ್ಯಾಲ ಸಿಟ್ಟಾಗಲಿ?" ಎಂದು ಒಳಗೆ ಹೋದಳು.

ಹೊರಡುವಾಗ ಗೋಲಿ ಅವನಿಗೆ, "ಮುಂದಿನ ವರ್ಷ ನನ್ನ ಮುಂದ ನೀನಽ ನಿಂದರಬೇಕು," ಎಂದ. "ನಾ ಮಾತಾಡೂದಿಲ್ಲ, ಸಿಳ್ಳಿ ಹೊಡೀತೀನಿ. ಸಿಳ್ಳಿ ಮರಾಠ್ಯಾಗೂ ಸಿಳ್ಳಿನಽ."

ಕಟ್ಟು ಬಿಚ್ಚಿದಾಗ ಕೈ ಮೊಣಕೈಯಲ್ಲಿ ಬಾಗಿಯೇ ಉಳಿದಿತ್ತು. ಮಿರಜದ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದರು. ಮತ್ತೆ ಮುರಿದು ಕೂಡಿಸಬಹುದು, ಆದರೆ ನೆಟ್ಟಗಾಗುತ್ತದೆಂದು ಹೇಳಲಾಗದು ಎಂದರಂತೆ ಡಾಕ್ಟರು. ಮನೆಯವರು ಇನ್ನೊಮ್ಮೆ ಮುರಿಸಲು ಒಪ್ಪಲಿಲ್ಲ.

ಕಾಲೇಜು ಶುರುವಾದಾಗ ಗೋಲಿ ಬಂದ. ನಿಪ್ಪಾಣಿಯವನೂ ಬಂದ. ಮುಂದಿನ ಸಾಲಿಗೆ ಹೊಸ ಹುಡುಗರು, ಅವರಲ್ಲಿ ಒಬ್ಬನಿಗೆ ಚೆಂಡನ್ನು ಕಾಲಿನಿಂದ ಒದೆಯಬೇಕು ಎಂಬುದು ಆಗಷ್ಟೇ ತಿಳಿದಿತ್ತು. ಆದರೂ ಹಿಂದೆ ಗೋಲಿ ಸಿಳ್ಳೆ ಹೊಡೆಯುತ್ತಿದ್ದ, ನಿಪ್ಪಾಣಿಯವನು ಸರಿದು ದಾರಿ ಬಿಡುತ್ತಿದ್ದ. ಎಡಗೈ, ಕಾಲು, ಎದೆ, ಯಾವುದು ಸಿಕ್ಕರೂ ಗೋಲಿ ಅದರಿಂದ ತಡೆಯುತ್ತಿದ್ದ. ಬಲಗಡೆ ಎತ್ತರಕ್ಕೆ ಬಂದದ್ದು ಮಾತ್ರ ಒಳಗೆ ಹೋಗುತ್ತಿತ್ತು. ನಮ್ಮ ಯಾರ ಒದೆತವೂ ಅಷ್ಟು ಎತ್ತರಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ಅದು ದೊಡ್ಡದಾಗಿ ಕಾಣಲಿಲ್ಲ.

"ನೋಡು, ಅವ ಒಂದಽ ಕೈಲೆ ಎಷ್ಟ ಹಿಡೀತಾನ. ನೀ ಎರಡೂ ಕೈಲೆ ಏನ್ ಹಿಡದಿ?" ಎಂದು ಸರ್ ನನ್ನನ್ನು ಹಂಗಿಸಿದರು.

"ನಾ ಏನೂ ಹಿಡದಿಲ್ಲರಿ ಸರ್. ನನ್ನನ್ನಽ ನೆಗಡಿ ಹಿಡದೈತಿ."

ಗೋಲಿಯೂ ನಕ್ಕ. ಸರ್ ಮುಖದಲ್ಲಿ ಆಸೆ ಇತ್ತು. ಅದು ನಮಗೂ ಹತ್ತಿತು. ವಿಶ್ವವಿದ್ಯಾಲಯದ ಆಯ್ಕೆ ನಮ್ಮ ಚಿಕ್ಕೋಡಿಯ ಮೈದಾನದಲ್ಲೇ ಎಂದು ತಿಳಿದಾಗ ಬೋರ್ಡಿಂಗಿನಲ್ಲಿ ಆ ದಿನ ಯಾರೂ ಗೋಲಿಯಿಂದ ನೀರು ಸೇದಿಸಲಿಲ್ಲ, ಬಕೆಟ್ ಎತ್ತಿಸಲಿಲ್ಲ.

ಅದೇ ದಪ್ಪ ಮೀಸೆಯ ಸಾಹೇಬರು ಬಂದರು. ಅವನನ್ನು ಕಂಡು, "ಬಂದೆಲ್ಲಾ!" ಎಂದು ಸಂತೋಷಪಟ್ಟರು. ಅವನು ಉದ್ದ ತೋಳಿನ ಅಂಗಿ ತೊಟ್ಟು ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ನಿಂತಿದ್ದ. ಗೋಲ್‌ಕೀಪರುಗಳು ಒಬ್ಬೊಬ್ಬರಾಗಿ ಜಿಗಿದು ಗೋಲಿನ ಮೇಲಿನ ತೊಲೆ ಹಿಡಿದು ಜೋತುಬೀಳಬೇಕಿತ್ತು. ಸಾಹೇಬರು ತೋಳು, ಭುಜ ನೋಡುತ್ತಿದ್ದರು.

ಗೋಲಿ ಜಿಗಿದ. ಎಲ್ಲರಿಗಿಂತ ಎತ್ತರ ಜಿಗಿದ. ಎಡಗೈಯಲ್ಲಿ ತೊಲೆ ಹಿಡಿದು ಜೋತುಬಿದ್ದ.

"ಎರಡೂ ಕೈಪಾ," ಎಂದರು ಸಾಹೇಬರು.

"ಒಂದಽ ಸಾಕಲ್ಲರಿ ಸರ್," ಎಂದು ಅವನು ಮೇಲಿನಿಂದಲೇ ಹೇಳಿದ. "ಚೆಂಡೂ ಒಂದಽ ಇರ್ತೈತಿ."

ಮೈದಾನವೆಲ್ಲ ನಕ್ಕಿತು. ಸಾಹೇಬರೂ ನಕ್ಕರು. ಅಂಥ ಮಾತು ಹೇಳಬೇಕಾದವನು ನಾನು. ಅವನು ಎಷ್ಟು ದಿನದಿಂದ ಅದನ್ನು ಕೂಡಿಸಿಟ್ಟುಕೊಂಡಿದ್ದನೋ. ನಗು ನಿಂತ ಮೇಲೆ ಸಾಹೇಬರು ಹತ್ತಿರ ಬಂದು ಅವನನ್ನು ಇಳಿಸಿ, ಅಂಗಿಯ ತೋಳು ಮೇಲೆ ಸರಿಸಿ, ಮೊಣಕೈಯನ್ನು ಹಗುರವಾಗಿ ಹಿಡಿದು ನೋಡಿದರು. ಎಲ್ಲಿಯವರೆಗೆ ಚಾಚುತ್ತದೆಯೋ ಅಲ್ಲಿಯವರೆಗೆ ಚಾಚಿಸಿದರು. ಅಲ್ಲಿಂದ ಮುಂದೆ ಹೋಗಲಿಲ್ಲ. ತೋಳನ್ನು ತಾವೇ ಕೆಳಗಿಳಿಸಿ ಗುಂಡಿ ಹಾಕಿದರು.

"ಊರಾಗ ಏನೈತಿ ನಿಂದು?" ಎಂದು ಕೇಳಿದರು.

"ಹೊಲಾ ಐತ್ರಿ. ಅಣ್ಣ ಮಾಡ್ತಾನ್ರಿ."

ಸಾಹೇಬರು ಅವನ ಭುಜ ತಟ್ಟಿ ಮುಂದೆ ಸರಿದರು. ನಿಪ್ಪಾಣಿಯವನು ಮೈದಾನದ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಪಿ.ಡಿ. ಸರ್ ಬೇರೆ ಕಡೆ ನೋಡುತ್ತಿದ್ದರು.

"ಮುಂದಿನವರು ಯಾರು?"

ರಾಯಬಾಗದಲ್ಲಿ ಗೋಲಿನಲ್ಲಿ ನಿಂತವನೆಂದು ಸರ್ ನನ್ನ ಹೆಸರನ್ನೂ ಬರೆಸಿದ್ದರು. ಗೋಲಿಯೇ ಎಡಗೈಯಿಂದ ನನ್ನನ್ನು ಮುಂದಕ್ಕೆ ತಳ್ಳಿ, "ಹೋಗಲೇ, ನಿನ್ನ ಪಾಳಿ," ಎಂದ. ನಾನು ಹೋಗಿ ಜಿಗಿದೆ. ಮೊದಲ ಸಲ ಸಿಗಲಿಲ್ಲ. ಎರಡನೆಯ ಸಲ ತೊಲೆ ಕೈಗೆ ಸಿಕ್ಕಿತು. ಎರಡೂ ಕೈಯಲ್ಲಿ ಹಿಡಿದು ಜೋತುಬಿದ್ದೆ. ಗೋಲಿ ಕೆಳಗೆ ನಿಂತು ನನ್ನ ಮೊಣಕೈಗಳನ್ನು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು ನೋಡುತ್ತಿದ್ದ. ಸಾಹೇಬರು ಇಳಿ ಎಂದರು. ನಾನು ಇಳಿದೆ.