ಹೆಬ್ಬೆರಳಿನ ಓಟು

ಬುದ್ಧಿಯ ಅಪ್ಪಣೆಗೆ ಕಾಯದೆ ಕೆಲಸ ಮುಗಿಸಿಬಿಡುವುದರಲ್ಲಿ ಹೆಬ್ಬೆರಳನ್ನು ಮೀರಿಸುವ ಅವಯವ ಇನ್ನೊಂದಿಲ್ಲವೆಂಬುದು, ಮೊಬೈಲು ಬಳಸುವ ತಮಗೂ ಅನುಭವಕ್ಕೆ ಬಂದಿರಬಹುದು. ಹಲ್ಲುಜ್ಜುವ ಮೊದಲೇ ಹತ್ತು ಜನರಿಗೆ ಶುಭೋದಯ ಹೇಳಿ, ಯಾರದೋ ನಿಧನವಾರ್ತೆಗೆ ನಗುಮುಖ ಅಂಟಿಸಿ, ಕ್ಷಮಾಪಣೆಯ ಭಾರವನ್ನು ಮಾತ್ರ ಯಜಮಾನನಿಗೆ ಬಿಡುವ ಪ್ರಾಣಿ ಅದು. ಅಂಥ ನನ್ನ ಹೆಬ್ಬೆರಳು ಕಳೆದ ವಾರ ಒಂದು ವಾಟ್ಸಾಪ್ ಪೋಲಿನ, ಅಂದರೆ ಮತದಾನದ, ಮುಂದೆ ಮೂರು ದಿನ ಅಲ್ಲಾಡದೆ ನಿಂತಿತ್ತು.

ಒಂದು ಕಾಲಕ್ಕೆ ಕಾಲೇಜು ಕಬಡ್ಡಿ ಆಡಿ, ಈಗ ಸೋಫಾದಿಂದ ಏಳುವುದಕ್ಕೂ ದೇವರ ನಾಮಸ್ಮರಣೆ ಮಾಡುವ ನಾವು ಕೆಲವು ಕರಾವಳಿಯ ನಡುವಯಸ್ಕರು ಒಮಾನಿನಲ್ಲೊಂದು ಬಳಗ ಕಟ್ಟಿಕೊಂಡಿದ್ದೇವೆ. ನಮ್ಮ ಕಾಲದ ಅತಿಶ್ರೇಷ್ಠ ಕಾಲೇಜು ರೈಡರ್ ಯಾರೆಂಬುದು ಪೋಲಿನ ಪ್ರಶ್ನೆ. ಉಮೇದುವಾರರು ಇಬ್ಬರು. ಸುವೈಕ್‌ನಲ್ಲಿ ಎಸಿ ರಿಪೇರಿ ಅಂಗಡಿಯಿಟ್ಟಿದ್ದ ಸದಾನಂದಣ್ಣ ಎದುರಾಳಿ ಕಾಲೇಜಿನವರು. ಆದರೂ ಪ್ರತಿ ಬೇಸಿಗೆಗೆ ಮುಂಚೆ ಮತ್ರಾದ ನಮ್ಮ ಮನೆಗೆ ಬಂದು ಎಸಿ ತೊಳೆದುಕೊಟ್ಟವರು. ಈಗ ಅಂಗಡಿ ಖಲಾಸ್ ಮಾಡಿ ಊರಿಗೆ ಹೊರಟವರು. ಇನ್ನೊಬ್ಬ ಖಸಬ್ ಬಂದರಿನ ಕಚೇರಿಯಲ್ಲಿರುವ ಪ್ರಭಾಕರ; ನನ್ನದೇ ಕಾಲೇಜು, ನನ್ನದೇ ಬೆಂಚು. ಸದಾನಂದಣ್ಣನ ಬೀಳ್ಕೊಡುಗೆಯ ಊಟದಲ್ಲಿ ಫಲಿತಾಂಶ ಸಾರುವುದೆಂದು ನಿಶ್ಚಯವಾಯಿತು.

ತೌಲನಿಕ ಅಧ್ಯಯನ ಶುರುವಾಯಿತು. ಸದಾನಂದಣ್ಣ ಮಧ್ಯರೇಖೆ ದಾಟಿದರೆ ಅಂಗಳವೇ ಹಿಂದೆ ಸರಿಯುತ್ತಿತ್ತೆಂದು ಒಬ್ಬ, ಮೂವರು ಹಿಡಿದರೂ ಪ್ರಭಾಕರ ಮೀನಿನ ಹಾಗೆ ಜಾರುತ್ತಿದ್ದನೆಂದು ಇನ್ನೊಬ್ಬ. ಹೊಗಳುವವರ ಹೊಟ್ಟೆ ದೊಡ್ಡದಾದಷ್ಟೂ ಹೊಗಳಿಸಿಕೊಳ್ಳುವವರ ವೇಗ ಹೆಚ್ಚುತ್ತಿತ್ತು. ರೈಡರುಗಳನ್ನು ಹಿಡಿಯುವ ನನ್ನಂಥ ಕಾರ್ನರುಗಳ ಹೆಸರನ್ನು ಯಾರೂ ಎತ್ತಲಿಲ್ಲ. ಕಾಲು ಹಿಡಿಯುವವರಿಗೆ ಕಚೇರಿಯಲ್ಲಿ ಸಿಗುವ ಬಡ್ತಿ ಕಬಡ್ಡಿಯಲ್ಲಿ ಸಿಗುವುದಿಲ್ಲವೆಂದು ಸಮಾಧಾನಪಟ್ಟುಕೊಂಡೆ. ಕೊನೆಗೆ ಪ್ರಭಾಕರನ ಪಕ್ಷದವರು ಬ್ರಹ್ಮಾಸ್ತ್ರ ಬಿಟ್ಟರು: ಅಂತರಕಾಲೇಜು ಫೈನಲ್ ಗೆದ್ದದ್ದು ಯಾರು?

ನನ್ನ ಚಹಾ ಅಲ್ಲಿಗೇ ತಣ್ಣಗಾಯಿತು. ಆ ಫೈನಲಿನ ಕೊನೆಯ ರೈಡಿನಲ್ಲಿ ಸದಾನಂದಣ್ಣ ಚಾಚಿದ ಕಾಲು ನನ್ನ ಕಾಲಿನ ಹೆಬ್ಬೆರಳಿಗೆ ತಾಗಿತ್ತು. ಅಂಪೈರರ ಕಣ್ಣಿಗೆ ನನ್ನ ಜೊತೆಗಾರ ಅಡ್ಡವಿದ್ದ. ತಾಗಿಸಿಕೊಂಡವನು ಕೈಯೆತ್ತಿ ತಾನಾಗಿ ಹೊರನಡೆಯುವುದು, ತನ್ನ ತಂಡಕ್ಕೆ ಪಾಯಿಂಟ್ ಬಂದಾಗಲೇ ಮತ್ತೆ ಒಳಗೆ ಬರುವುದು ನಮ್ಮ ಅಂಗಳದ ಮರ್ಯಾದೆ. ನಾನು ಸೊಂಟಕ್ಕೆ ಕೈಯಿಟ್ಟು ಆಕಾಶ ನೋಡುತ್ತ ನಿಂತೆ. ಸಮವಾಗಬೇಕಿದ್ದ ಪಂದ್ಯವನ್ನು ಒಂದು ಪಾಯಿಂಟಿನಿಂದ ಗೆದ್ದು, ಪ್ರಭಾಕರನನ್ನು ಹೊತ್ತು ಕುಣಿದೆವು.

ಗುರುವಾರ ಮತಗಳು ಸಮಸಮವಾಗಿವೆ, ಉಳಿದದ್ದು ನನ್ನದೊಂದೇ ಎಂದು ಬಳಗದಲ್ಲಿ ಘೋಷಣೆಯಾಯಿತು. ಅದು ಅವರಿಗೆ ಹೇಗೆ ಗೊತ್ತಾಯಿತೆಂದು ನಾನು ಯೋಚಿಸಬೇಕಿತ್ತು. ಖಸಬ್‌ನಿಂದ ಫೋನು ಬಂತು. "ನಿನ್ನ ಓಟು ನನಗೇ ಅಲ್ವಾ ಮಾರಾಯ?" ಎಂದ ಪ್ರಭಾಕರ. "ಅದನ್ನೆಂತ ಕೇಳುದು?" ಎಂದೆ. ಫೋನಿಟ್ಟವನೇ, ಗುಪ್ತಮತದಾನವನ್ನು ಕಂಡುಹಿಡಿದ ಪುಣ್ಯಾತ್ಮರನ್ನು ನೆನೆಯುತ್ತ ಸದಾನಂದಣ್ಣನ ಹೆಸರನ್ನೊತ್ತಿದೆ. ಪಾಪವೂ ತೀರಿತು, ಸ್ನೇಹವೂ ಉಳಿಯಿತೆಂದು ಹಿಗ್ಗಿ ಮಗಳಿಗೆ ತೋರಿಸಿದರೆ, "ಅಪ್ಪಾ, ಎವ್ರಿಬಡಿ ಕ್ಯಾನ್ ಸೀ ಹೂ ವೋಟೆಡ್ ಫಾರ್ ಹೂಮ್!" ಎಂದಳು. ಅಷ್ಟರಲ್ಲಿ ಖಸಬ್‌ನಿಂದ ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ ಬಂದಿತ್ತು.

ಶುಕ್ರವಾರ ಮತ್ರಾದ ಹೋಟೆಲಿನ ಮಾಳಿಗೆಯಲ್ಲಿ ಊಟ. ವಿಮಾನದಲ್ಲಿ ಬಂದಿದ್ದ ಪ್ರಭಾಕರ ನನ್ನೆದುರು ಕುಳಿತು ಹಪ್ಪಳವನ್ನು ಅನಗತ್ಯ ಬಲಪ್ರಯೋಗದಿಂದ ಮುರಿದ. ಪಾಯಸದವರೆಗೆ ತಡೆದುಕೊಂಡೆ. ಆಮೇಲೆ, ನಾಳೆಯಿಂದ ಸದಾನಂದಣ್ಣ ಈ ದೇಶದಲ್ಲಿರುವುದಿಲ್ಲ ಎಂಬ ಸಂಕಟಕ್ಕೋ, ಹಪ್ಪಳದ ಸದ್ದಿನ ಭಯಕ್ಕೋ, ಎಲ್ಲರ ಮುಂದೆ ಇದ್ದದ್ದನ್ನು ಇದ್ದಂತೆ ಹೇಳಿಬಿಟ್ಟೆ. ಪ್ರಭಾಕರ ತಲೆ ತಗ್ಗಿಸಿದ.

"ಮುಟ್ಟಿದವ ನಾನಲ್ವಾ, ನನಗೆ ಗೊತ್ತಿರುದಿಲ್ವಾ?" ಎಂದರು ಪಕ್ಕದಲ್ಲಿದ್ದ ಸದಾನಂದಣ್ಣ. "ನೀನಾಗಿ ಹೇಳ್ತಿ ಅಂತ ಕಾದೆ. ಸ್ವಲ್ಪ ತಡ ಆಯ್ತು, ಅಷ್ಟೆ."

ನನಗೆ ನಾಚಿಕೆಯಾಯಿತು. ಜಗತ್ತಿನಿಂದ ಬಚ್ಚಿಟ್ಟೆನೆಂದುಕೊಂಡ ಗುಟ್ಟನ್ನು ತಿಳಿದೇ ಇದ್ದವರು ಇಷ್ಟು ಬೇಸಿಗೆ ನನ್ನ ಮನೆಯನ್ನು ತಂಪಾಗಿಟ್ಟಿದ್ದರು. ಅವರು ಚಪ್ಪಲಿ ಕಳಚಿ, ಮೇಜಿನಡಿಯಲ್ಲಿ ಕಾಲು ಚಾಚಿ, ನನ್ನ ಹೆಬ್ಬೆರಳಿಗೆ ತಾಗಿಸಿ, "ಹೂಂ, ಈಗ ಹೊರಗೆ ನಡಿ" ಎಂದರು.

ಕೈಯೆತ್ತಿ ಹೊರನಡೆದೆ. ಮೆಟ್ಟಿಲ ಬಳಿ ನಿಂತು ಬಂದರನ್ನು ನೋಡುತ್ತಿದ್ದಾಗ, ಹೆಬ್ಬೆರಳು ತನ್ನ ಅಭ್ಯಾಸದಂತೆ ಯಾರನ್ನೂ ಕೇಳದೆ ಪೋಲನ್ನು ತೆರೆದಿತ್ತು. ಮೊನ್ನೆಯಿಂದ ತನ್ನ ಹೆಸರಿನಡಿಯಲ್ಲೇ ಧೈರ್ಯವಾಗಿ ಕುಳಿತಿದ್ದ ಪ್ರಭಾಕರನ ಓಟು ಈಗ ಸದಾನಂದಣ್ಣನ ಹೆಸರಿನಡಿ, ಎಲ್ಲರಿಗೂ ಕಾಣುವಂತೆ, ನನ್ನ ಓಟಿನ ಪಕ್ಕದಲ್ಲಿತ್ತು. ಕಣ್ಣು ತುಂಬಿಬಂತು. ಒಳಗಿನಿಂದ ಅವನ ಕೂಗು ಕೇಳಿಸಿತು: "ಪಾಯಿಂಟ್ ಬಂತು ಮಾರಾಯ, ಒಳಗೆ ಬಾ!"