ಬಲಗಾಲಿನ ಗೀರು

ಹಳೇಬೀಡಿನ ಕೆರೆ ಏರಿಯ ಮೇಲೆ ಯಶೋಧರಾ ನಡೆಯಲು ಶುರು ಮಾಡಿದ ಮೂರನೇ ದಿನಕ್ಕೆ ಯಾರೋ ಒಂದು ಸ್ಟೂಲು ತಂದಿಟ್ಟರು. ಮಾರನೇ ದಿನ ಎಳನೀರಿನವನು ತಾನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನೇ ಬಿಟ್ಟುಕೊಟ್ಟ. "ಕಾಲು ಆಪರೇಷನ್ ಆಗೈತಂತಲ್ಲ, ಕೂತ್ಕಳಿ ಮೇಡಂ" ಎಂದ. ಅರಸೀಕೆರೆ ಹತ್ತಿರದ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತಿ ನೋಡೋಣವೆಂದು ಹೋದರೆ ಗುರುತೇ ಇಲ್ಲದ ಇಬ್ಬರು ಹೆಂಗಸರು ಆಚೆ ಈಚೆ ರಟ್ಟೆ ಹಿಡಿದುಕೊಂಡರು. ಊರಿಗೆ ಊರೇ ಅವಳನ್ನು ಕೂರಿಸಲು ಪಣ ತೊಟ್ಟಂತಿತ್ತು. ಕೂರುವುದೊಂದು ಅವಳಿಗೆ ಬಾರದ ವಿದ್ಯೆ.

ಯಶೋಧರಾ ರೈಲ್ವೆಯಲ್ಲಿ ಕೀಮ್ಯಾನ್. ಹೆಂಗಸಾದರೂ ಕಾಗದದಲ್ಲಿ ಅದೇ ಹೆಸರು. ವಯಸ್ಸು ಮೂವತ್ತೊಂಬತ್ತು. ಗ್ಯಾಂಗ್‌ಮನ್ ಆಗಿದ್ದ ತಂದೆ ಗಿಡ್ಡಪ್ಪ ಸರ್ವೀಸಿನಲ್ಲಿರುವಾಗಲೇ ತೀರಿಕೊಂಡಾಗ ಅನುಕಂಪದ ಮೇಲೆ ಸಿಕ್ಕ ಕೆಲಸ. ಅರಸೀಕೆರೆಯಿಂದ ಹಾಸನದ ಕಡೆಗೆ ಆರು ಕಿಲೋಮೀಟರ್ ಹಳಿ ಅವಳ ಬೀಟು. ಸುತ್ತಿಗೆ, ಸ್ಪ್ಯಾನರ್, ಕೆಂಪು ಹಸಿರು ಬಾವುಟ ಹೊತ್ತು ಹೋಗುವಾಗ ಒಂದು ಹಳಿ ನೋಡಬೇಕು, ಬರುವಾಗ ಇನ್ನೊಂದು. ಸಡಿಲವಾದ ಕ್ಲಿಪ್ಪು, ಕೂದಲೆಳೆಯ ಬಿರುಕು, ಜರುಗಿದ ಜಲ್ಲಿ ಯಾವುದೂ ತಪ್ಪಬಾರದು. ಹನ್ನೊಂದು ವರ್ಷ ಕಣ್ಣು ನೆಲ ಬಿಟ್ಟು ಮೇಲೆ ಎದ್ದದ್ದು ರೈಲು ಬಂದಾಗ ಮಾತ್ರ. ಆಗ ಕೆಲವೇ ಕ್ಷಣಗಳಲ್ಲಿ ಪಕ್ಕಕ್ಕೆ ಹಾರಬೇಕು.

ಹಾಗೆ ಹಾರಿದ ಒಂದು ಬೆಳಿಗ್ಗೆ ಜಲ್ಲಿಯ ಮೇಲೆ ಬಲಗಾಲು ತಿರುಚಿಕೊಂಡಿತು. ಮಂಡಿಗೆ ಆಪರೇಷನ್ ಆಗಿ ಐದು ತಿಂಗಳು ರಜೆ. ಹಳೇಬೀಡಿನಲ್ಲಿ ತಂಗಿ ಮಂಜುಳಾಳ ಮನೆಯಲ್ಲಿ ಆರೈಕೆ. ನಡೆಯಲು ಅಡ್ಡಿಯಿಲ್ಲ ಎಂದರು ಡಾಕ್ಟರು. ಸ್ಟೋರ್ಸ್ ಆಫೀಸಿನಲ್ಲಿ ಒಂದು ಕುರ್ಚಿ ಖಾಲಿ ಇದೆ ಎಂದರು ಸಾಹೇಬರು. ಬೀಟೋ ಕುರ್ಚಿಯೋ, ರಜೆ ಮುಗಿಯುವ ತಿಂಗಳ ಹದಿನೈದನೇ ತಾರೀಕಿನೊಳಗೆ ಬರೆದುಕೊಡಬೇಕಿತ್ತು.

ಎಲ್ಲರಿಗೂ ಉತ್ತರ ಗೊತ್ತಿತ್ತು, ಅವಳೊಬ್ಬಳಿಗೆ ಬಿಟ್ಟು. ಕಾಲು ತಡೆಯುತ್ತದೋ ಇಲ್ಲವೋ ಎಂದು ನೋಡಲು ಯಾರೂ ಬಿಡುತ್ತಿರಲಿಲ್ಲ. ಅವಳು ಮನೆಯೊಳಗೇ ಬಾಗಿಲಿಂದ ಹಿತ್ತಿಲಿಗೆ, ಹಿತ್ತಿಲಿಂದ ಬಾಗಿಲಿಗೆ ತಿರುಗಿದಳು. ರಾತ್ರಿಯೆಲ್ಲ ಫೋನಿನಲ್ಲಿ ಯಾರ್‍ಯಾರೋ ಬೆನ್ನಿಗೆ ಬ್ಯಾಗು ಹಾಕಿಕೊಂಡು ಒಬ್ಬೊಬ್ಬರೇ ನಡೆಯುವ ವಿಡಿಯೊ ನೋಡಿದಳು. ಅವ್ವನ ಜೊತೆ ಶ್ರೀಲಂಕಾದ ಬೌದ್ಧ ವಿಹಾರಗಳಿಗೆ ಹೋಗಬೇಕೆಂದು ಮಾಡಿಸಿದ್ದ ಪಾಸ್‌ಪೋರ್ಟು ಕೊರೊನಾ ಬಂದದ್ದರಿಂದ ಒಂದು ಮುದ್ರೆಯೂ ಬೀಳದೆ ಪೆಟ್ಟಿಗೆಯಲ್ಲಿತ್ತು. ಮಲೇಷ್ಯಾಕ್ಕೆ ವೀಸಾ ಬೇಡ ಎಂದು ತಿಳಿದ ದಿನ ಅವಳು ಅಲ್ಲಿನ ಕಾಡು ನೋಡಿಬರಲು ಇಲಾಖೆಯ ಅನುಮತಿಗೆ ಅರ್ಜಿ ಹಾಕಿದಳು.

ಗ್ಯಾಂಗಿಗೆ ಮೇಸ್ತ್ರಿಯಾದ ಮೇಟ್ ಉಮಾಶಂಕರ್ ಅರ್ಜಿ ಓದಿ ಕನ್ನಡಕ ತೆಗೆದ. "ಕಾಡು ನೋಡ್ಬೇಕು ಅಂದ್ರೆ ಸಕಲೇಶಪುರ ಇಲ್ವೇನಮ್ಮ? ಟ್ರಾಲಿಲೇ ಕೂರ್ಸಿ ಕಳುಸ್ತೀನಿ."

"ನೋಡಿದ್ರಾ, ನೀವೂ ಕೂರ್ಸೋ ಮಾತೇ ಆಡ್ತೀರಿ" ಎಂದಳು. "ಅಲ್ಲಿ ಕುಂಟಿದ್ರೆ ನಾನು ಊರು ಸೇರೋದ್ರೊಳ್ಗೆ ನಿಮಗೆ ಸುದ್ದಿ ಮುಟ್ಟಿರ್ತದೆ ಕಣಣ್ಣ."

ಅವ್ವ ಗಿಡ್ಡಮ್ಮನದು ಬೇರೆಯೇ ಲೆಕ್ಕ. "ಇಲ್ಲಿ ನಡುದ್ರೆ ಸಂಬ್ಳ ಕೊಡೋರು. ನೀನು ದುಡ್ಡು ಕೊಟ್ಟು ನಡಿಯಕ್ಕೆ ಹೊಂಟಿದ್ದೀಯಲ್ಲೇ!" ಎಂದು ಬೈಯುತ್ತಲೇ ಕೊಬ್ಬರಿ, ಬೆಲ್ಲ ಕಟ್ಟಿಕೊಟ್ಟಳು.

ಮಲೇಷ್ಯಾದ ಪಹಾಂಗ್ ಸೀಮೆಯ ಕಾಡಿನಲ್ಲಿ ದೋಣಿಯವನ ಹೆಸರು ರೋಸ್ಲಾನ್. ಬೆಳಿಗ್ಗೆ ಎಂಟಕ್ಕೆ ಅವಳನ್ನು ನದಿಯ ಮೇಲ್ದಂಡೆಯ ದೋಣಿಕಟ್ಟೆಗೆ ಇಳಿಸಿದ. ಅಲ್ಲಿಂದ ಒಳಗೆ ನಾಲ್ಕೂವರೆ ಕಿಲೋಮೀಟರಿಗೆ ಪ್ರಾಣಿ ನೋಡಲು ಕಟ್ಟಿದ ಒಂದು ಮರದ ಅಟ್ಟಣೆ. ಅಲ್ಲಿಗೆ ಹೋಗಿ ಅದೇ ದಾರಿಯಲ್ಲಿ ವಾಪಸು ಬರಬೇಕು. ಥೇಟು ಬೀಟು. ರೋಸ್ಲಾನ್ ಮರಗಳಿಗೆ ತಲೆಯೆತ್ತರದಲ್ಲಿ ಹೊಡೆದಿದ್ದ ಹಳದಿ ತಗಡುಗಳನ್ನು ತೋರಿಸಿ, "ಅದನ್ನೇ ನೋಡಿಕೊಂಡು ಹೋಗಿ" ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದ. ನಾಲ್ಕು ಗಂಟೆಗೆ ಬರುತ್ತೇನೆಂದು ನಾಲ್ಕು ಬೆರಳು ತೋರಿಸಿದ. ಅವಳೂ ನಾಲ್ಕು ಬೆರಳು ತೋರಿಸಿದಳು.

ಮೂರು ತಗಡು ನೋಡಿದ್ದು ಅವಳಿಗೆ ನೆನಪಿದೆ. ಆಮೇಲೆ ಕಣ್ಣು ತಾನಾಗಿ ಇಳಿಯಿತು. ಹನ್ನೊಂದು ವರ್ಷದ ಅಭ್ಯಾಸ. ಬೇರು, ಕೆಸರು, ಕೊಳೆತ ಎಲೆ, ಬೂಟಿನ ಮೇಲೆ ಹತ್ತುವ ಜಿಗಣೆ. ಬಾಯಿ ಒಳಗೊಳಗೇ ಹೆಜ್ಜೆ ಎಣಿಸುತ್ತಿತ್ತು. ಅವಳ ಸಾವಿರದ ಐನೂರು ಹೆಜ್ಜೆಗೆ ಒಂದು ಕಿಲೋಮೀಟರ್. ಎರಡನೇ ಕಿಲೋಮೀಟರಿಗೆ ದಾರಿಗಡ್ಡ ಬಿದ್ದಿದ್ದ ಒಂದು ದೊಡ್ಡ ಮರ ಸಿಕ್ಕಿತು. ಅದನ್ನು ಹತ್ತಿ ಇಳಿದಳು. ಮಂಡಿ ಕಿಮಕ್ಕೆನ್ನಲಿಲ್ಲ. ಸಂತೋಷಕ್ಕೆ ಹೆಜ್ಜೆ ಬಿರುಸಾಯಿತು. ಮುಂದೆ ದಾರಿ ಸವೆದು ಸ್ಪಷ್ಟವಾಗಿತ್ತು.

ಸವೆಸಿದ್ದು ಮನುಷ್ಯರಲ್ಲ. ಮರದಿಂದಾಚೆ ಎರಡು ಸಾವಿರದ ಆರುನೂರು ಹೆಜ್ಜೆಗೆ ಆ ದಾರಿ ಹಂದಿಗಳು ಹೊರಳಾಡುವ ಒಂದು ಕೆಸರು ಹೊಂಡದಲ್ಲಿ ಮುಗಿಯಿತು. ತಲೆ ಎತ್ತಿದಳು. ಸುತ್ತ ಒಂದು ಮರದಲ್ಲೂ ತಗಡಿರಲಿಲ್ಲ. ಫೋನಿಗೆ ಸಿಗ್ನಲ್ ಇರಲಿಲ್ಲ. ಸೂರ್ಯ ಯಾವ ಕಡೆ ಇದ್ದಾನೆಂದೂ ತಿಳಿಯಲಿಲ್ಲ. ಅರಸೀಕೆರೆಯಲ್ಲಿ ಎಲ್ಲಿ ನಿಂತರೂ ಯಾವುದಾದರೂ ಒಂದು ಗುಡ್ಡ ಕಾಣುತ್ತದೆ, ಇಲ್ಲದಿದ್ದರೆ ಒಂದು ರೈಲು ಕೂಗುತ್ತದೆ. ಇಲ್ಲಿ ಕೀಟಗಳ ಕಿರುಚಾಟವೊಂದೇ.

ಆಗಲೇ ಬಂದ ದಾರಿಗೆ ತಿರುಗಿದ್ದರೆ ಆಗುತ್ತಿತ್ತು. ಆದರೆ ಅವಳ ಜೀವ ನಿಲ್ಲುವ ಜೀವವಲ್ಲ. ಅಟ್ಟಣೆ ಎಡಕ್ಕಿರಬೇಕೆಂದು ಪೊದೆಗೆ ನುಗ್ಗಿದಳು. ಬೆತ್ತದ ಮುಳ್ಳು ತೋಳು ಹರಿಯಿತು, ವಾಪಸು ಬಂದಳು. ಬಲಕ್ಕೆ ನುಗ್ಗಿದಳು, ಸುತ್ತಿ ಸುತ್ತಿ ಅದೇ ಹೊಂಡಕ್ಕೆ ಬಂದಳು. ಹೀಗೇ ಮಧ್ಯಾಹ್ನ ದಾಟಿತು. ಕೊಬ್ಬರಿ ಬೆಲ್ಲದ ಗಂಟಿಗೆ ಇರುವೆ ಮುತ್ತಿತ್ತು, ಕೊಡವಿ ತಿಂದಳು. ಒಂದು ಗಂಟೆಗೆ ದೂರದಲ್ಲಿ ಗುಡುಗು ಉರುಳಿತು.

ಗುಡುಗು ಕೇಳಿದ ಮೇಲೆಯೇ ಅವಳಿಗೆ ಹೊಳೆದದ್ದು, ತನ್ನ ಹೆಜ್ಜೆಗಳು ಕೆಸರಿನಲ್ಲಿ ಇನ್ನೂ ಇವೆ, ಮಳೆ ಬಂದರೆ ಇರುವುದಿಲ್ಲ ಎಂದು. ಬಗ್ಗಿದಳು. ನೆಲ ನೋಡುವುದು ಅವಳ ಕಸುಬು. ಹಂದಿಯ ಗೊರಸುಗಳ ನಡುವೆ ತನ್ನ ಬೂಟಿನ ಅಚ್ಚು ಸಿಕ್ಕಿತು. ಅದರ ಬೆನ್ನು ಹತ್ತಿದಳು. ತರಗೆಲೆ ಮುಚ್ಚಿದಲ್ಲಿ ನಲವತ್ತು ಹೆಜ್ಜೆ ಎಣಿಸಿ, ಮುಂದಿನ ಕೆಸರಿನಲ್ಲಿ ಹುಡುಕಿ, ಸಿಗದಿದ್ದರೆ ಹಿಂದೆ ಬಂದು ಮತ್ತೆ ಎಣಿಸಿದಳು.

ಅಚ್ಚುಗಳನ್ನು ನೋಡುತ್ತ ನೋಡುತ್ತ ಅವಳ ಕಣ್ಣು ಇನ್ನೊಂದನ್ನೂ ನೋಡಿತು. ಎಡಗಾಲಿನದು ಚೊಕ್ಕ ಅಚ್ಚು. ಬಲಗಾಲಿನ ಹಿಮ್ಮಡಿಯ ಹಿಂದೆ ಪ್ರತಿ ಸಲವೂ ಒಂದು ಗೀರು. ಕಾಲನ್ನು ಎತ್ತಿಟ್ಟಿರಲಿಲ್ಲ, ಎಳೆದಿಟ್ಟಿದ್ದಳು. ಹೊಂಡದ ಹತ್ತಿರ ಗೀರು ಅಂಗೈ ಉದ್ದವಿತ್ತು. ನೋವಾಗಿರಲಿಲ್ಲ, ಆದ್ದರಿಂದ ಅವಳಿಗೆ ತಿಳಿದಿರಲಿಲ್ಲ. ಬೆರಳಿಟ್ಟು ಅಳೆದಳು. ಇನ್ನೊಂದನ್ನು ಅಳೆದಳು. "ಥೂ, ಕೆಸ್ರಲ್ಲಿ ಜಾರಿರ್ಬೇಕು" ಎಂದು ಜೋರಾಗಿಯೇ ಹೇಳಿಕೊಂಡಳು. ಹಾಗಿದ್ದರೆ ಎಡಗಾಲು ಏಕೆ ಜಾರಲಿಲ್ಲ?

ಬಿದ್ದ ಮರ ಸಿಕ್ಕಾಗ ಮೂರು ಗಂಟೆ. ಪಕ್ಕದಲ್ಲೇ, ಅವಳು ತಲೆ ಎತ್ತದೆ ದಾಟಿ ಹೋಗಿದ್ದ ತಿರುವಿನಲ್ಲಿ, ಹಳದಿ ತಗಡು ಕಣ್ಣಿಗೆ ಹೊಡೆಯುವಂತೆ ನಿಂತಿತ್ತು. ಮರದಿಂದೀಚೆಗಿನ ಅಚ್ಚುಗಳಲ್ಲಿ ಗೀರು ಬೆರಳಗಲಕ್ಕೆ ಇಳಿದಿತ್ತು. ಮುಂದೆ ನದಿಯ ಕಡೆಗೆ ಅದೂ ಇರಲಿಲ್ಲ. ಎರಡು ಕಿಲೋಮೀಟರ್ ಚೆನ್ನಾಗಿ, ಆಮೇಲೆ ಎಳೆತ. ಹೋಗಿಬರಲು ಹನ್ನೆರಡು ಕಿಲೋಮೀಟರಾಗುವ ಬೀಟಿನಲ್ಲಿ ಉಳಿದ ಹತ್ತನ್ನು ಆ ಕಾಲು ಎಳೆದುಕೊಂಡೇ ಹೋಗಬೇಕು. ಹಿಂದಿನಿಂದ ರೈಲು ಬಂದರೆ? ಅಷ್ಟರಲ್ಲಿ ಮಳೆ ಬಿತ್ತು. ಅಚ್ಚುಗಳು ಒಂದೊಂದಾಗಿ ತುಂಬಿ ಅಳಿದವು. ಅವಳು ತಗಡು ನೋಡಿಕೊಂಡು ನಡೆದಳು.

ಕಟ್ಟೆ ಮುಟ್ಟಿದಾಗ ಐದಾಗುತ್ತಿತ್ತು. ಟಾರ್ಪಾಲು ಹೊದ್ದು ಕೂತಿದ್ದ ರೋಸ್ಲಾನ್ ನಾಲ್ಕು ಬೆರಳು ತೋರಿಸಿದ. ಯಶೋಧರಾ ಐದು ತೋರಿಸಿದಳು. ಅವನು ನಕ್ಕ. ಅವಳಿಗೆ ನಗು ಬರಲಿಲ್ಲ.

ಗೀರನ್ನು ಇನ್ನಾರೂ ನೋಡಿರಲಿಲ್ಲ. ಯಾರೂ ನೋಡದಿರಲೆಂದೇ ಅಷ್ಟು ದೂರ ಹೋದದ್ದು. ವಿಮಾನದಲ್ಲಿ ಎರಡು ಸಲ ಎದ್ದು ಓಡಾಡಿದಳು, ಗಗನಸಖಿ ಎರಡು ಸಲವೂ ಕೂರಿಸಿದಳು. ಹದಿನಾಲ್ಕನೇ ತಾರೀಕು ಉಮಾಶಂಕರನ ಮುಂದೆ ನಿಂತು ಕಾಗದ ಕೊಟ್ಟಳು. ಅವನು ಓದಿ, "ಕುರ್ಚಿ ಅಂತ ಬರ್ದಿದ್ದೀಯಲ್ಲಮ್ಮ!" ಎಂದ. "ಯಾರಾದ್ರೂ ಏನಾದ್ರೂ ಅಂದ್ರಾ?"

"ಎರಡು ಕಿಲೋಮೀಟ್ರು ತಡೀತದೆ. ಆಮೇಲೆ ಬಲಗಾಲು ಎಳೀತದೆ ಕಣಣ್ಣ."

"ಅದ್ಯಾವ ಡಾಕ್ಟ್ರು ಹೇಳಿದ್ದು?"

"ನಾನೇ ನೋಡ್ದೆ. ಹಳೀಲಿ ಬಿರುಕು ಕಂಡ್ರೆ ಬಾವುಟ ನೆಡ್ದೆ ಬತ್ತೀನಾ?"

ಉಮಾಶಂಕರ್ ಕಾಗದದ ಕೆಳಗಿನ ಸಾಲನ್ನೂ ಓದಿದ. ಆರು ತಿಂಗಳಿಗೆ ಮಾತ್ರ, ಆಮೇಲೆ ಕಾಲನ್ನು ಮತ್ತೆ ಪರೀಕ್ಷೆ ಮಾಡಬೇಕು ಎಂದು ಬರೆದಿದ್ದಳು. ಅವನು ಸಾಹೇಬರಿಗೆ ಕಳಿಸಲು ಸಹಿ ಹಾಕಿದ.

ಈಗ ಸ್ಟೋರ್ಸ್ ಆಫೀಸಿನ ಆ ಕುರ್ಚಿಯ ಮೇಲೆ ಅವಳ ಬ್ಯಾಗು ಕೂತಿರುತ್ತದೆ. ಅವಳು ಕಿಟಕಿಯ ಹತ್ತಿರ ನಿಂತೇ ರಿಜಿಸ್ಟರ್ ಬರೆಯುತ್ತಾಳೆ. ಸಂಜೆ ಐದೂವರೆಗೆ ಹಿಂದುಗಡೆ ಸುರಿದಿರುವ ಜಲ್ಲಿಪುಡಿಯನ್ನು ಸಲಿಕೆಯಿಂದ ಚಾಪೆಯಗಲ ಹರಡಿ, ಯಾರ್ಡಿನ ಸುತ್ತ ಮೂರು ಕಿಲೋಮೀಟರ್ ನಡೆದು ಬಂದು, ಕೊನೆಗೆ ಅದರ ಮೇಲೆ ಹಾಯುತ್ತಾಳೆ. ತಿರುಗಿ ಬಗ್ಗಿ ಬೆರಳಿಟ್ಟು ಅಳೆಯುತ್ತಾಳೆ. ಮೊದಲ ವಾರ ಗೀರು ನಾಲ್ಕು ಬೆರಳಿತ್ತು. ಮೊನ್ನೆ ಮೂರಕ್ಕೆ ಒಂದಿಷ್ಟು ಕಮ್ಮಿ ಬಂತು. ನಂಬಿಕೆಯಾಗದೆ ಪುಡಿಯನ್ನು ಸಮ ಮಾಡಿ ಇನ್ನೊಂದು ಸಲ ನಡೆದಳು.